ಮೇಜಿಗಿಳಿಯದ ರೊಟ್ಟಿ

ನನಗೂ ನನ್ನ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇದು ನಮ್ಮ ಬೇಕರಿಗೆ ಬರುವ ಗಿರಾಕಿಗಳಿಗೆಲ್ಲ ಗೊತ್ತು. ಒಲೆ ಹೆಚ್ಚು ಕಾದಿದೆ ಅಂತ ಅವರು, ಸಾಲದು ಅಂತ ನಾನು. ಹಿಟ್ಟು ಕೆರೆಯುವ ತಗಡಿನಲ್ಲಿ ಒಮ್ಮೆ ತಟ್ಟೆಗೆ ಹಿಡಿದಿದ್ದ ಕರಿ ಕೆರೆದೆ ಅಂತ ನನ್ನೊಂದಿಗೆ ಮಾತೇ ಬಿಟ್ಟಿದ್ದರು. "ಅದು ಹಿಟ್ಟಿಗೆ ಮಾತ್ರ. ಬೇರೆ ಯಾವುದಕ್ಕಾದ್ರೂ ಮುಟ್ಟಿಸಿದ್ರೆ ಕೈ ಮುರೀತೀನಿ" ಎಂಬುದು ಬೈಬಲ್ಲಿನ ಹತ್ತು ಆಜ್ಞೆಗಳ ಜೊತೆಗೆ ಅವರು ಸೇರಿಸಿದ ಹನ್ನೊಂದನೆಯದು. ಯಾರಾದರೂ ಅವರ ಬಗ್ಗೆ ಕೇಳಿದರೆ "ನನ್ನ ಗಂಡನ ತಾಯಿ" ಎನ್ನುತ್ತಿದ್ದೆ, ನನಗೂ ಅವರಿಗೂ ಏನೂ ಸಂಬಂಧವಿಲ್ಲದ ಹಾಗೆ. ಅಂಥ ನಾನೇ ಇವತ್ತು ಎದೆಯುಬ್ಬಿಸಿ ಅವರ ಕಥೆ ಹೇಳುತ್ತಿದ್ದೇನೆ ಎಂದರೆ ನೀವೇ ಅರ್ಥಮಾಡಿಕೊಳ್ಳಿ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿಯಿದೆ. ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ ನಡೆಯುವ ಪ್ರಭುವಿನ ಭೋಜನಕ್ಕೆ ಎಲ್ಲರಿಗೂ ಸೇರಿ ಒಂದೇ ದೊಡ್ಡ ರೊಟ್ಟಿ. ಅದನ್ನು ಬೇಯಿಸಿದವರೇ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಲ್ಲಬೇಕು. ಆಗ ಪಾಸ್ಟರು ಕೇಳುತ್ತಾರೆ: "ನಿಮ್ಮಿಂದ ಯಾರಿಗಾದರೂ ನೋವಾಗಿದೆಯೇ? ಆಗಿದ್ದರೆ ಮೊದಲು ಹೋಗಿ ಸರಿಮಾಡಿ ಬನ್ನಿ. ರೊಟ್ಟಿ ಕಾದಿರುತ್ತದೆ." ಯಾರೂ ಏಳುವುದಿಲ್ಲ. ಯಾರಾದರೂ ಎದ್ದದ್ದನ್ನು ನಮ್ಮ ಅತ್ತೆಯ ಅತ್ತೆಯೂ ಕಂಡಿರಲಿಲ್ಲವಂತೆ. ಪಾಸ್ಟರ ಮಾತು ಮುಗಿಯುವಷ್ಟರಲ್ಲಿ ಅತ್ತೆ ತಾವು ಬೇಯಿಸಿದ ರೊಟ್ಟಿಯನ್ನು ಮೇಜಿಗಿಳಿಸುತ್ತಾರೆ, ಹಾರ್ಮೋನಿಯಂ ಟೀಚರು ಹಾಡು ಶುರುಮಾಡುತ್ತಾರೆ.

ಆಯಿತಲ್ಲ, ಈಗ ಗಡಿಯಾರ ರಿಪೇರಿಯವನ ವಿಷಯಕ್ಕೆ ಬರುತ್ತೇನೆ. ಹೆಂಡತಿ ಮತ್ತು ಮುದಿ ತಾಯಿಯೊಂದಿಗೆ ಬಂದು ನಮ್ಮ ಬೀದಿಯ ತುದಿಯಲ್ಲಿ ಅಂಗಡಿ ತೆರೆದಿದ್ದ. ಬೇರೆ ಕಡೆಯವರು, ಬೇರೆ ರೀತಿ ಪ್ರಾರ್ಥಿಸುವವರು. ಅಷ್ಟೇ ಸಾಕಾಯಿತು, ಊರ ಬಾಯಿಗೆ ಬೀಗ ಹಾಕುವವರು ಯಾರು? ಮೊದಲು ಪಿಸುಮಾತು, ಆಮೇಲೆ ಬೈಗುಳ. ಶುಕ್ರವಾರ ಬೆಳಗ್ಗೆ ನೋಡಿದರೆ ಅಂಗಡಿಯ ಗಾಜು ಪುಡಿಪುಡಿ, ಮನೆಯ ಬಾಗಿಲಿನ ತುಂಬ ಡಾಂಬರು. ಭಾನುವಾರ ಮಧ್ಯಾಹ್ನಕ್ಕೆ ಅವರು ಲಾರಿ ಹೇಳಿದ್ದಾರೆ, ಮನೆ ಖಾಲಿ ಮಾಡುತ್ತಾರೆ ಎಂಬ ಸುದ್ದಿ ಬಂತು.

"ಊರ ಉಸಾಬರಿ ನಮಗ್ಯಾಕೆ, ಅತ್ತೆ?" ಎಂದೆ. ಅವರು ಬಾಗಿಲಿಗೆ ಹೋಗಿ ಬೀದಿಯ ತುದಿಯನ್ನೇ ನೋಡುತ್ತ ನಿಂತರು. ನನ್ನ ಮಾತಿಗೆ ತಿರುಗಿ ಬೈಯದಿರುವುದು ಅವರ ಸ್ವಭಾವವೇ ಅಲ್ಲ.

ಶನಿವಾರ ಅತ್ತೆಯ ತಮ್ಮ ಬನ್ನು ಕೊಳ್ಳಲು ಬಂದರು. ಮರದ ಮಿಲ್ಲಿನ ಯಜಮಾನರು, ಚರ್ಚಿನ ಹಿರಿಯರಲ್ಲೊಬ್ಬರು. ನಾವೆಲ್ಲ ಮಿಲ್ ಮಾವ ಎನ್ನುತ್ತೇವೆ. ತಾಯಿಯಿಲ್ಲದ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅತ್ತೆಯೇ. ಯಜಮಾನರಾದ ಮೇಲೆ ಮಾವ ಕೈ ಕೊಳೆ ಮಾಡಿಕೊಂಡವರಲ್ಲ. ಆದರೆ ಅವತ್ತು ಉಗುರಿನ ಸಂದಿಯಲ್ಲೆಲ್ಲ ಡಾಂಬರಿತ್ತು. ಅತ್ತೆ ನೋಡಿದರು. ಮಾವ ಕೈಯನ್ನು ಜೇಬಿಗೆ ಹಾಕಿಕೊಂಡರು. ಅತ್ತೆ ಎಂದಿನಂತೆ ಮೆತ್ತನೆಯ ಬನ್ನನ್ನೇ ಆರಿಸಿ ಕೊಟ್ಟು ಕಳಿಸಿದರು. ಆಮೇಲೆ ಅವರು ಹಿಟ್ಟು ನಾದಿದ ರೀತಿ ನೋಡಿ ನನಗೇ ದಿಗಿಲಾಯಿತು.

ಮರುದಿನ ತಿಂಗಳ ಮೊದಲ ಭಾನುವಾರ. ಅತ್ತೆ ರೊಟ್ಟಿ ಹಿಡಿದು ನಿಂತರು, ಪಾಸ್ಟರು ಎಂದಿನಂತೆ ಕೇಳಿದರು. ಹಾರ್ಮೋನಿಯಂ ಟೀಚರು ಹಾಡು ಶುರುಮಾಡಿದರು. ರೊಟ್ಟಿ ಮಾತ್ರ ಕೆಳಗಿಳಿಯಲಿಲ್ಲ. ಹಾಡು ಮುಗಿಯಿತು. ಟೀಚರು ಗಾಬರಿಯಾಗಿ ಮತ್ತೆ ಮೊದಲಿಂದ ಬಾರಿಸಿದರು. ಅದೂ ಮುಗಿಯಿತು.

"ಅಮ್ಮಾ, ರೊಟ್ಟಿ..." ಎಂದರು ಪಾಸ್ಟರು ಮೆಲ್ಲಗೆ.

"ಕಾಯ್ತಾ ಇದೀನಿ ಅಯ್ಯನವರೇ. ಸರಿಮಾಡಿ ಬರೋವರೆಗೂ ರೊಟ್ಟಿ ಕಾದಿರುತ್ತೆ ಅಂತ ನೀವೇ ಹೇಳಿದ್ರಲ್ಲ."

ಹಿಂದಿನ ಬೆಂಚಿನಿಂದ ಯಾರೋ ರೇಗಿದರು: "ಯಾರು ಅಂತ ಹೆಸರು ಹೇಳಿ ಮುಗಿಸಿಬಿಡಮ್ಮಾ!"

"ಹೆಸರು ಹೇಳಿ ಅವನ ಮಾನ ಕಳೆಯೋಕೆ ನಾನು ನಿಂತಿಲ್ಲ," ಎಂದರು ಅತ್ತೆ. ಅವರ ಕಣ್ಣು ಯಾರ ಕಡೆಗೂ ತಿರುಗಲಿಲ್ಲ, ರೊಟ್ಟಿಯ ಮೇಲೇ ಇತ್ತು. "ಅವನು ನನ್ನವನು. ಅವನನ್ನ ಬಿಟ್ಟು ಇದು ನನ್ನ ಗಂಟಲಲ್ಲಿ ಇಳಿಯಲ್ಲ. ಹಾಗಂತ ಅವನು ಆ ಗಡಿಯಾರದವರ ಬಾಗಿಲಿಗೆ ಡಾಂಬರು ಬಳಿದು ಬಂದು ಇಲ್ಲಿ ಕೂತು ಹಾಡಿದ್ರೂ ಇಳಿಯಲ್ಲ."

"ಅವರೇನು ನಮ್ಮವರಾ?" ಎಂದಿತು ಅದೇ ಬೆಂಚು.

"ನೆರೆಯವನನ್ನ ಪ್ರೀತಿಸು ಅಂದಾಗ ಯೇಸುಸ್ವಾಮಿ ಅವನು ಯಾವ ಬೆಂಚಲ್ಲಿ ಕೂರ್ತಾನೆ ಅಂತ ಕೇಳಿದ್ರಾ?"

ಅತ್ತೆ ಜಾರುತ್ತಿದ್ದ ರೊಟ್ಟಿಯನ್ನು ಮತ್ತೆ ಎದೆಮಟ್ಟಕ್ಕೆ ಎತ್ತಿ ಹಿಡಿದರು. ಹೋಗಿ ಹಿಡಿದುಕೊಳ್ಳೋಣ ಎಂದು ನಾನು ಎದ್ದೆ. ನನ್ನ ಗಂಡ ಸೆರಗು ಹಿಡಿದು ಕೂರಿಸಿದರು. ಅಷ್ಟರಲ್ಲಿ ಮುಂದಿನ ಬೆಂಚಿನಲ್ಲಿ ಮಿಲ್ ಮಾವ ಎದ್ದು ನಿಂತಿದ್ದರು.

"ಅಕ್ಕಾ, ಕೈ ನೋವಾಗುತ್ತೆ. ಇಳಿಸು," ಎಂದರು. ಡಾಂಬರು ಹಿಡಿದ ಕೈಯನ್ನು ಜೇಬಿನಿಂದ ಹೊರತೆಗೆದರು. "ನಾನೇ. ಹೋಗ್ತೀನಿ."

ಅತ್ತೆ ರೊಟ್ಟಿಯನ್ನು ಪಾಸ್ಟರ ಕೈಗಿಟ್ಟು, "ನಾವು ಬರೋವರೆಗೂ ಹಿಡ್ಕೊಂಡಿರಿ. ಇಳಿಸ್ಬೇಡಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏಯ್, ಓಡು. ಬೇಕರಿಯಿಂದ ಹಿಟ್ಟು ಕೆರೆಯೋ ತಗಡುಗಳನ್ನ ತಗೊಂಡು ಬಾ. ಸೀಮೆಎಣ್ಣೆನೂ."

ಹನ್ನೊಂದನೆಯ ಆಜ್ಞೆಯನ್ನು ಅವರೇ ಮುರಿದರು! ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಮಾವ ಬಾಗಿಲು ತಟ್ಟಿದಾಗ ಗಡಿಯಾರದವನು ಅರ್ಧ ಬಾಗಿಲು ತೆರೆದು ನಿಂತ. ಹಿಂದೆ ಕಟ್ಟಿಟ್ಟ ಗಂಟುಗಳು ಕಾಣುತ್ತಿದ್ದವು. ಮಾವ ತಮ್ಮ ತಪ್ಪನ್ನು ಒಂದೂ ನೆಪವಿಲ್ಲದೆ ಹೇಳಿಕೊಂಡರು. ಅವನು, "ಕ್ಷಮಿಸಿದೆ ಅಂತ ಹೇಳೋಕೆ ನನ್ನಿಂದ ಆಗಲ್ಲ," ಎಂದ.

"ಹೇಳ್ಬೇಡಿ. ಬಾಗಿಲು ತೊಳೆಯೋಕೆ ಬಿಡಿ, ಸಾಕು. ಗಾಜೂ ನಾನೇ ಹಾಕಿಸಿಕೊಡ್ತೀನಿ."

ಮಾವ ಒಬ್ಬರೇ ಕೆರೆಯತೊಡಗಿದರು. ಸ್ವಲ್ಪ ಹೊತ್ತಿಗೆ ಅತ್ತೆ ಇನ್ನೊಂದು ತಗಡು ಹಿಡಿದು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು. "ತಪ್ಪು ನಿನ್ನದೇ. ಆದ್ರೆ ಬಾಗಿಲು ದೊಡ್ಡದಿದೆ, ಒಬ್ಬನ ಕೈಲಾಗಲ್ಲ," ಎಂದರು. ಮಾವನ ಹೆಗಲು ಕುಲುಕಿತು. ಅಷ್ಟು ದೊಡ್ಡ ಮನುಷ್ಯ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚರ್ಚಿನಿಂದ ಇನ್ನೂ ಕೆಲವರು ಬಂದರು. ಆ ಹಿಂದಿನ ಬೆಂಚಿನವರೂ ಮುಖ ತಗ್ಗಿಸಿಕೊಂಡು ಬಕೆಟ್ ತಂದರು.

ಬಾಗಿಲಿನ ಮರ ಅಲ್ಲಲ್ಲಿ ಕಾಣತೊಡಗಿದಾಗ ಲಾರಿ ಬಂತು. ಗಡಿಯಾರದವನು ಲಾರಿಯನ್ನು ನೋಡಿದ, ಬಾಗಿಲನ್ನು ನೋಡಿದ, ಕರಿಯಾದ ಸೀರೆಯಲ್ಲಿ ಕೂತಿದ್ದ ಅತ್ತೆಯನ್ನು ನೋಡಿದ. ಡ್ರೈವರ್ ಹತ್ತಿರ ಹೋಗಿ, "ಇವತ್ತು ಬೇಡ," ಎಂದ. ನಾಳೆಯ ಮಾತು ಅವನೂ ಆಡಲಿಲ್ಲ, ನಾವೂ ಕೇಳಲಿಲ್ಲ. ಲಾರಿ ಖಾಲಿಯಾಗಿಯೇ ಹಿಂದಿರುಗಿತು.

ಅಷ್ಟು ದಿನ ಹೊರಗೆ ಮುಖ ತೋರಿಸದಿದ್ದ ಅವನ ಮುದಿ ತಾಯಿ ಕಿಟಕಿಯ ಬಳಿ ಬಂದರು. ನನ್ನನ್ನು ಕರೆದು, "ಆ ಹೆಂಗಸು ಯಾರಮ್ಮಾ?" ಎಂದು ಕೇಳಿದರು.

"ನಮ್ಮಮ್ಮ," ಎಂದೆ.

ಅತ್ತೆಗೆ ಅದು ಕೇಳಿಸಿತು. ಕೆರೆಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಮತ್ತೆ ಅದೇ ಹಳೆಯ ಗದರಿಕೆ: "ಬಾಯಿ ಸಾಕು, ಆ ಮೂಲೆ ಕೆರಿ. ಅಲ್ಲಿ ರೊಟ್ಟಿ ಹಿಡಿದು ಹಿಡಿದು ಪಾಸ್ಟರ ಕೈ ಬಿದ್ದುಹೋಗಿರುತ್ತೆ."