ಹೊಗೆಯಿಲ್ಲದ ಒಲೆಯ ರೊಟ್ಟಿ

ಸರಕಾರದ ಹೊಗೆಯಿಲ್ಲದ ಒಲೆಯನ್ನು ಮೊರಬದಲ್ಲಿ ಗ್ರಾಮಸೇವಕ ಅಂದಾನೆಪ್ಪ ಮೊದಲು ಕಟ್ಟಿಸಿದ್ದು ಮರೆವ್ವನ ಮನೆಯಲ್ಲಿ. ಹೊಗೆ ಕೊಳವೆಯಲ್ಲಿ ಹೋಗುತ್ತಿತ್ತು, ನಿಜ. ಆದರೆ ಒಲೆಯ ಬಾಯಿ ಸಣ್ಣದು. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಲು ಜಾಗವಿರಲಿಲ್ಲ. ಮರೆವ್ವ ಅದನ್ನು ಸಾರಿಸಿಟ್ಟು, ಹಿತ್ತಲಿನ ಹಳೆಯ ಒಲೆಯಲ್ಲೇ ರೊಟ್ಟಿ ಬೇಯಿಸುತ್ತಿದ್ದಳು.

ಸಾಹೇಬರು ತಪಾಸಣೆಗೆ ಬರುವ ದಿನ ಅಂದಾನೆಪ್ಪ ಬೆಳಿಗ್ಗೆಯೇ ಬಂದ.

"ಯವ್ವಾ, ಇವತ್ತೊಂದಿನ ಹೊಸಾ ಒಲಿ ಹಚ್ಚು. ಇಲ್ಲಂದ್ರ ನನ್ನ ನೌಕರಿಗೆ ಕುತ್ತು."

"ರೊಟ್ಟಿ ಹಸೀ ಉಳಿದ್ರ ನನ್ನ ಬೈಬ್ಯಾಡ ಮತ್ತ," ಎಂದು ಅವಳು ನಕ್ಕಳು.

ಸಾಹೇಬರು ಹೊಸ ಒಲೆಯ ರೊಟ್ಟಿ ಮುರಿದರು. ಒಳಗೆ ಹಸಿಹಿಟ್ಟು.

"ಏನಮ್ಮಾ, ರೊಟ್ಟಿ ಮಾಡೋಕೆ ಬರಲ್ವೇ?"

ಊರಿನ ಮದುವೆಗಳಿಗೆ ರೊಟ್ಟಿ ಬಡಿಯಲು ಮೊದಲು ಕರೆಯುತ್ತಿದ್ದುದೇ ಮರೆವ್ವನನ್ನು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಅವಳನ್ನು ನೋಡಿದರು. ಅವಳು ಅಂದಾನೆಪ್ಪನನ್ನು ನೋಡಿದಳು. ಅವನು ಕೊಳವೆಯನ್ನು ನೋಡುತ್ತಿದ್ದ.

"ಒಲಿ ಚಲೋ ಐತ್ರಿ ಸಾಹೇಬ್ರ. ನನಗ ಬರೂದಿಲ್ರಿ," ಎಂದಳು.

"ಇವರಿಗೆ ಸ್ವಲ್ಪ ಕಲಿಸಿಕೊಡಿ," ಎಂದರು ಸಾಹೇಬರು, ಅಂದಾನೆಪ್ಪನ ಕಡೆ ತಿರುಗಿ.

"ಹೂನ್ರಿ ಸರ," ಎಂದ ಅವನು.

ಜೀಪು ಹೋದ ಮೇಲೆ ಮರೆವ್ವ ಹಿತ್ತಲಿನಿಂದ ಉಬ್ಬಿದ ಬಿಸಿ ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದಿಟ್ಟಳು.

"ಉಣ್ಣಪಾ, ಮುಂಜಾನಿಂದ ಏನೂ ತಿಂದಿಲ್ಲ ನೀ."

ಅವನು ರೊಟ್ಟಿ ಮುರಿದ. ಒಳಗೆಲ್ಲ ಹದವಾಗಿ ಬೆಂದಿತ್ತು.

"ತಿರ್ಲಾಪುರದಾಗೂ ಇಂಥಾವ ಒಲಿ ಕಟ್ಟಸ್ತೀಯಂತಲ್ಲಾ?" ಎಂದು ಅವಳು ಕೇಳಿದಳು.

"ನಾಳೆನ ಕಟ್ಟಸ್ತೀನಿ," ಎಂದ ಅಂದಾನೆಪ್ಪ, ತಲೆ ಎತ್ತದೆ.