ಮಾವನ ಮೂಗು

ವ್ಯಾಪಾರಿಗಳೆಲ್ಲ ನಮ್ಮ ಮಾವನನ್ನು ‘ಮೂಗಿನ ಯಜಮಾನರು’ ಎಂದೇ ಕರೆಯುತ್ತಾರೆ. ನಮ್ಮ ಹೊಲದಲ್ಲಿ ಬೆಳೆಯುವುದು ಪುದೀನ ಮತ್ತು ನಿಂಬೆಹುಲ್ಲು. ಅವನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುತ್ತೇವೆ. ಕಾಗದದ ಚೂರನ್ನು ಎಣ್ಣೆಗೆ ಅದ್ದಿ, ಮಾವ ಮೂಸಿ ‘ಹೂಂ’ ಅಂದರೆ ಮಾತ್ರ ಡಬ್ಬ ತುಂಬಬೇಕು. ನಾನೇನಾದರೂ ಮೂಸಲು ಹೋದರೆ, “ನಿನ್ನ ಮೂಗಿರೋದು ಕನ್ನಡಕ ಕೂರ್ಸೋಕೆ, ಕೊಡಿಲ್ಲಿ” ಅನ್ನುತ್ತಿದ್ದರು. ಹನ್ನೆರಡು ವರ್ಷ ಬೆವರು ಸುರಿಸಿದ ಸೊಸೆಗೆ ಸಿಕ್ಕ ಬಿರುದು ಇದು! ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ನಾನು ಮೊದಲು ಕದ್ದು ಮೂಸಿ, ಆಮೇಲೆ ಶೀಷೆ ಕೊಡುತ್ತಿದ್ದೆ.

ಆ ದಿನ ಮಧ್ಯಾಹ್ನ ವ್ಯಾಪಾರಿ ಬರುವವನಿದ್ದ. ಅವಸರದಲ್ಲಿ ಒಂದು ಎಡವಟ್ಟು ಮಾಡಿದೆ. ನಿಂಬೆಹುಲ್ಲು ಬೇಯಿಸಿದ ಹಂಡೆಯಲ್ಲಿ ಒಮ್ಮೆ ಬರೀ ನೀರು ಕುದಿಸಿ ತೊಳೆಯಬೇಕು. ತೊಳೆಯದೆ ಪುದೀನ ತುಂಬಿಬಿಟ್ಟೆ. ಇಳಿದ ಎಣ್ಣೆ ಮೂಸಿದರೆ ನಿಂಬೆಯ ವಾಸನೆ ಗಮ್ಮೆಂದು ಹೊಡೆಯಿತು. ಬೈಗುಳ ಗ್ಯಾರಂಟಿ ಎಂದುಕೊಂಡು, ಮುಖದ ತುಂಬ ನಗು ತಂದುಕೊಂಡು ಶೀಷೆ ಚಾಚಿದೆ.

ಮಾವ ನನ್ನನ್ನೊಮ್ಮೆ ನೋಡಿದರು. ಕಣ್ಣು ಮುಚ್ಚಿ ಮೂಸಿದರು.

“ಹೂಂ. ಒಳ್ಳೇ ಮಾಲು. ತುಂಬ್ಸು.”

ಮಾವನಿಗೆ ವಾಸನೆಯೇ ಬರುತ್ತಿಲ್ಲ! ವ್ಯಾಪಾರಿ ಮುಚ್ಚಳ ತೆಗೆದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅಯ್ಯೋ ಪಾಪ ಅನಿಸಿತು. ಅವರ ಮನಸ್ಸು ನೋಯಿಸಬಾರದೆಂದು ಹೇಳಿದಂತೆಯೇ ಡಬ್ಬ ತುಂಬಿಸಿಟ್ಟೆ.

ವ್ಯಾಪಾರಿ ಬಂದವನೇ ಆ ಡಬ್ಬಕ್ಕೇ ಕೈ ಹಾಕಿದ. ನಾನು ಅಡ್ಡ ನಿಂತೆ.

“ಅದು ಬೇಡಿ. ಹಂಡೆ ತೊಳೀದೆ ನಾನೇ ಕೆಡಿಸಿಬಿಟ್ಟೆ.”

“ಯಜಮಾನ್ರು ಮೂಸ್ಲಿಲ್ವಾ?”

“ಅವ್ರಿಗೆ ತೋರ್ಸೋಕೆ ಧೈರ್ಯ ಬರ್ಲಿಲ್ಲ,” ಎಂದೆ. ಮಾವನ ಕಡೆ ತಿರುಗಿಯೂ ನೋಡಲಿಲ್ಲ.

ವ್ಯಾಪಾರಿ ಉಳಿದ ಡಬ್ಬಗಳನ್ನು ಹೇರಿಕೊಂಡು ಹೋದ. ಮಾವ ಶೆಡ್ಡಿನ ಕಟ್ಟೆಯ ಮೇಲೆ ಕುಸಿದು ಕುಳಿತರು.

“ಆ ಜ್ವರ ಬಂತಲ್ಲ, ಅವತ್ತಿಂದ ಯಾವ ವಾಸ್ನೇನೂ ಗೊತ್ತಾಗ್ತಿಲ್ಲ ಕಣಮ್ಮ. ನಾಲ್ಕು ತಿಂಗಳಾಯ್ತು.”

“ಮತ್ತೆ ಅಷ್ಟೊಂದು ಡಬ್ಬ ಹೇಗೆ ಪಾಸ್ ಮಾಡಿದ್ರಿ? ಒಂದೂ ವಾಪಸ್ ಬಂದಿಲ್ಲ!”

“ನಿನ್ನ ಮುಖ ನೋಡಿ. ನೀನು ಕದ್ದು ಮೂಸೋದು ನಂಗೊತ್ತಿಲ್ವಾ? ಮಾಲು ಚೆನ್ನಾಗಿಲ್ದಿದ್ರೆ ಮುಖ ಹುಳ್ಳಗೆ ಮಾಡ್ಕೊಂಡು ಬರ್ತಿದ್ದೆ. ಇವತ್ತೊಂದಿನ ಯಾಕೆ ಹಾಗೆ ನಗ್ತಾ ಬಂದೆ?”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ನಾಲ್ಕು ತಿಂಗಳು ಈ ಮನುಷ್ಯ ನನ್ನ ಮೂಗನ್ನೇ ನಂಬಿಕೊಂಡಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಮಾವ ಕಾಗದದ ಚೂರುಗಳ ಕಟ್ಟನ್ನು ನನ್ನ ಕಡೆ ಸರಿಸಿದರು.

“ಇನ್ಮೇಲೆ ಎದುರಿಗೇ ಮೂಸು.”

“ಈ ಮೂಗಿರೋದು ಕನ್ನಡಕ ಕೂರ್ಸೋಕೆ ಅಲ್ವಾ ಮಾವ?”

“ಕನ್ನಡಕಾನೂ ಇರ್ಲಿ,” ಎಂದರು ಮಾವ. “ಹಂಡೆ ತೊಳೆದಿದೀಯೋ ಇಲ್ವೋ ನೋಡೋಕೆ ಬೇಕಾಗುತ್ತೆ.”