ತೀರ್ಥಕೊಳಕ್ಕೆ ತಂದ ಅಂಗಿ

ತೀರಿಹೋದವರ ಬಟ್ಟೆಯನ್ನು ನದಿ ಹುಟ್ಟುವ ಕೊಳದಲ್ಲಿ ಬಿಟ್ಟರೆ ಅವರ ಜೀವಕ್ಕೆ ಶಾಂತಿಯಂತೆ. ಯಾರು ಹೇಳಿದರೋ, ಯಾವಾಗ ಹೇಳಿದರೋ! ನಮ್ಮ ಕಥೆಯ ಅಜ್ಜಿಯಂತೂ ಅದನ್ನೇ ನಂಬಿ, ಮಗನ ಅಂಗಿಯನ್ನು ಎದೆಗೆ ಅವಚಿಕೊಂಡು ಬೆಟ್ಟ ಹತ್ತಿ ಬಂದಿದ್ದಳು. ಬಸ್ ಓಡಿಸುತ್ತಿದ್ದ ಮಗ. ಜ್ವರವೆಂದು ಮಲಗಿದವನು ಮತ್ತೆ ಏಳಲೇ ಇಲ್ಲ.

ಜೊತೆಗೆ ಸೊಸೆ ಬಂದಿದ್ದಳು. ಊರಿಗೆ ಇದೇ ನದಿಯ ನೀರು ಎತ್ತುವ ಪಂಪ್‌ಹೌಸಿನಲ್ಲಿ ಅವಳ ಕೆಲಸ. ಗುಡಿಯಲ್ಲಿ ಕೈಮುಗಿದು ಇಬ್ಬರೂ ಕೊಳದ ಮೆಟ್ಟಿಲಿಗೆ ಇಳಿದರು.

"ಅತ್ತೆ, ಅಂಗಿ ನೀರಿಗೆ ಬಿಡಬೇಡಿ."

"ಬಾಯಿ ಮುಚ್ಚೇ! ನನ್ನ ಮಗ ಅಲ್ಲಿ ಒದ್ದಾಡ್ತಾ ಇರ್ಲಿ ಅಂತೀಯಾ?"

"ನಿಮಗೆ ಮಗ ಆದ್ರೆ ನನಗೆ ಗಂಡ ಅಲ್ವಾ ಅತ್ತೆ? ನನಗೆ ಸಂಕಟ ಆಗಲ್ವಾ?"

ಅಜ್ಜಿ ಅಂಗಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಎಲ್ಲರೂ ಬಿಡ್ತಾರಲ್ಲೇ. ಇದೊಂದು ಅಂಗಿಯಿಂದ ನದಿ ನಿಂತುಹೋಗುತ್ತಾ?"

"ಬನ್ನಿ, ನೀವೇ ನೋಡಿ."

ಕೊಳದ ಮೂಲೆಯಲ್ಲಿ ಒಂದು ಕಲ್ಲಿನ ಕಂಡಿ. ನದಿ ಹೊರಡುವುದೇ ಅಲ್ಲಿಂದ. ಸೀರೆ, ಪಂಚೆ, ಮಗುವಿನ ಫ್ರಾಕು ಎಲ್ಲ ಊದಿಕೊಂಡು ಕಂಡಿಗೆ ಅಡ್ಡ ಕೂತಿದ್ದವು. ಈಚೆಗೆ ನೀರು ಪಾಚಿಗಟ್ಟಿ ನಾರುತ್ತಿತ್ತು. ಆಚೆಗೆ ಬರೀ ತೇವ. ಅಜ್ಜಿ ಮೂಗಿಗೆ ಸೆರಗು ಹಿಡಿದಳು.

"ಮಳೆಗಾಲದಲ್ಲಿ ಇವೆಲ್ಲ ಕೊಚ್ಚಿಕೊಂಡು ಬಂದು ನಮ್ಮ ಪಂಪಿಗೆ ಸುತ್ತಿಕೊಳ್ಳುತ್ತೆ ಅತ್ತೆ. ಊರಿಗೆಲ್ಲ ನೀರು ಬಂದ್. ಆಗ ಜನ ಸಿಕ್ಕಿದ ನೀರು ಕುಡೀತಾರೆ. ನಮ್ಮ ಮನೆಯವರಿಗೆ ಬಂದಿದ್ದು ಟೈಫಾಯ್ಡ್. ಕೊಳಕು ನೀರಿಂದ ಬರೋ ಜ್ವರ. ಎಲ್ಲಿ ಕುಡಿದರೋ, ದೇವರಿಗೇ ಗೊತ್ತು."

ಅಜ್ಜಿ ಅಲ್ಲೇ ನೀರಿನಿಂದ ಬಾಡಿದ ಹೂವು ತೆಗೆಯುತ್ತಿದ್ದ ಅರ್ಚಕರ ಕಡೆ ತಿರುಗಿದಳು. "ಸ್ವಾಮಿ, ಬಿಡದಿದ್ರೆ ನನ್ನ ಮಗನಿಗೆ ಸದ್ಗತಿ ಸಿಗಲ್ವಾ?"

"ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ ತಾಯಿ. ದಿನಾ ಬೇಡ ಬೇಡ ಅಂತ ಬಡ್ಕೊಳ್ತೀನಿ. ಅವನನ್ನ ನೆನೆದು ಒಂದು ಬೊಗಸೆ ನೀರು ಬಿಡಿ. ಅಷ್ಟು ಸಾಕು."

ಅಜ್ಜಿ ಮಗನ ಹೆಸರು ಹೇಳಿ ಬೊಗಸೆ ನೀರು ಬಿಟ್ಟಳು. ಬಿಟ್ಟು ಗೊಳೋ ಎಂದು ಅತ್ತಳು. ಆಮೇಲೆ ಅಂಗಿಯನ್ನು ಸೊಸೆಯ ಕೈಗಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಂಡಿಗೆ ಕೈಹಾಕಿ ಆ ಪುಟ್ಟ ಫ್ರಾಕನ್ನು ಎಳೆದು ತೆಗೆದಳು. "ಯಾವ ತಾಯಿ ಬಿಟ್ಟಳೋ, ಪಾಪ," ಎಂದಳು. ಸೊಸೆಯೂ ಪಕ್ಕದಲ್ಲಿ ಕೂತು ಸೀರೆ ಎಳೆದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನದಿ ಹುಟ್ಟುವಲ್ಲಿಗೆ ನೀವೂ ಹೋಗುತ್ತೀರಿ. ಮುಳುಗಿ, ಮನಸಾರೆ ಬೇಡಿಕೊಳ್ಳಿ. ಬಟ್ಟೆಯನ್ನು ಮಾತ್ರ ಮನೆಗೆ ವಾಪಸ್ ತನ್ನಿ, ಚೆನ್ನಾಗಿದ್ದರೆ ಬೇಕಾದವರಿಗೆ ಕೊಡಿ. ಕೆಳಗಿನ ಊರಿನಲ್ಲಿ ಇನ್ನೊಬ್ಬ ತಾಯಿಯ ಮಗ ಆ ನೀರನ್ನೇ ಕುಡಿಯುತ್ತಾನೆ. ಅವನಾದರೂ ಬದುಕಲಿ.